ಹಲ್ಲುಬಂಡೆಯ ದೀಪ

ನನ್ನನ್ನು ಆ ಊರಿಗೆ ಕೊಡುವ ಮೊದಲು ಅಪ್ಪ ವಿಚಾರಿಸಿದ್ದು ಹುಡುಗನಿಗೆ ಕುಡಿತ ಇದೆಯೇ, ಮನೆಗೆ ಹೆಂಚು ಹಾಕಿದ್ದಾರೆಯೇ, ಬಾವಿಯ ನೀರು ಸಿಹಿಯೇ ಉಪ್ಪೇ ಎಂಬುದನ್ನು ಮಾತ್ರ. ದೀಪದ ವಿಷಯ ಕೇಳಬೇಕೆಂದು ನಮಗೆ ಹೊಳೆಯಲಿಲ್ಲ. ಹೇಳಬೇಕೆಂದು ಅವರಿಗೂ ಹೊಳೆಯಲಿಲ್ಲ. ನಮ್ಮೂರಲ್ಲಿ ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂದು ಯಾರು ಬೀಗರಿಗೆ ಹೇಳಿ ಕಳಿಸುತ್ತಾರೆ?

ಊರಿನ ಎದುರಿಗೆ ಸಮುದ್ರದೊಳಗೆ ಬಂಡೆಗಳ ಸಾಲೊಂದಿದೆ. ಕೆಳದವಡೆಯ ಹಲ್ಲುಗಳಂತೆ ಬಾಗಿ ನಿಂತಿರುವುದರಿಂದ ಅದಕ್ಕೆ ಹಲ್ಲುಬಂಡೆ ಎನ್ನುತ್ತಾರೆ. ಹಲ್ಲು ಬಿದ್ದ ಮಗುವಿನ ಬಾಯಿಯಂತೆ ನಡುವೆ ಒಂದೇ ಒಂದು ಸಂದು. ದೋಣಿಯೋ ಲಾಂಚೋ, ಒಳಗೆ ಬರುವವರು ಅಲ್ಲೇ ನುಗ್ಗಿ ಬರಬೇಕು. ದಡದ ಗುಡ್ಡದ ಮೇಲೆ ಕಪ್ಪು ಕಲ್ಲಿನ ದೀಪಸ್ತಂಭ. ಅದನ್ನು ಒಬ್ಬ ರಾಣಿ ಕಟ್ಟಿಸಿದಳು ಎಂದು ಕೆಲವರು, ಮೆಣಸು ಒಯ್ಯಲು ಬಂದ ಪರದೇಶದವರು ಕಟ್ಟಿಸಿದರು ಎಂದು ಕೆಲವರು ಹೇಳುತ್ತಾರೆ. ಯಾರೇ ಕಟ್ಟಿಸಿರಲಿ, ತಲೆಯಲ್ಲಿ ಕೂರಿಸಿದ ಗಾಜು ಮಾತ್ರ ಅದ್ಭುತ. ಅದು ಬೆಳಕನ್ನು ಸುತ್ತ ಚೆಲ್ಲುವುದಿಲ್ಲ. ಹಗ್ಗದಂತೆ ಹೊಸೆದು ಆ ಸಂದಿನ ಮೂಲಕವೇ ಸಮುದ್ರಕ್ಕೆ ಎಸೆಯುತ್ತದೆ. ಕತ್ತಲಲ್ಲಿ ಬರುವವನ ಮುಖದ ಮೇಲೆ ಬೆಳಕು ಬಿದ್ದರೆ ದಾರಿ ಸರಿಯಾಗಿದೆ. ಬೆಳಕು ತಪ್ಪಿದರೆ ಎದುರಿಗೆ ಬಂಡೆ.

ಆ ದೀಪ ಎಲ್ಲರ ಕೈಗೂ ಹತ್ತುವುದಿಲ್ಲ. ಯಾರಿಗೆ ತನ್ನವರು ಎನ್ನುವವರು ಆ ಹೊತ್ತಿಗೆ ನೀರಿನ ಮೇಲಿದ್ದಾರೋ ಅವರ ಕೈಗೆ ಮಾತ್ರ ಹತ್ತುತ್ತದೆ. ತನ್ನವರು ಎಂದರೆ ರೇಷನ್ ಕಾರ್ಡಿನಲ್ಲಿ ಹೆಸರಿರುವವರು ಎಂದಲ್ಲ, ಎದೆಯೊಳಗೆ ಇರುವವರು. ಮಿಕ್ಕವರು ಎಷ್ಟು ಕಡ್ಡಿ ಗೀರಿದರೂ ಬತ್ತಿ ಎಣ್ಣೆಯಲ್ಲಿ ನೆಂದುಕೊಂಡು ತಣ್ಣಗೆ ಕೂತಿರುತ್ತದೆ. ಹಿಂದೊಮ್ಮೆ ಸರಕಾರದವರು ತಂತಿ ಎಳೆದು ಬಲ್ಬು ಹಾಕಿದರಂತೆ. ಅವರು ಸ್ವಿಚ್ಚು ಒತ್ತಿದರೆ ಬಲ್ಬು ಸುಮ್ಮನಿತ್ತು. ಪಕ್ಕದ ಮನೆಯ ಗುಲಾಬಿ, ಅವಳ ಗಂಡ ಕಡಲಿನಲ್ಲಿದ್ದನಾದ್ದರಿಂದ, ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಒಂದು ಬೆರಳಿನಿಂದ ಒತ್ತಿದಳು, ಬೆಳಗಿತು. ಹಾಗಾದರೆ ನಮ್ಮದೇನು ಉಪಯೋಗ ಎಂದು ಅವರು ತಂತಿ ಸುತ್ತಿಕೊಂಡು ಹೋದರು.

ಊರು ಅದಕ್ಕೆ ಒಗ್ಗಿಕೊಂಡಿತ್ತು. ಮೀನುಗಾರರ ಮನೆಗಳು ಸರದಿಯಂತೆ ದೀಪ ಹತ್ತಿಸುತ್ತಿದ್ದವು. ಬೆಳಗಿನಿಂದ ಗಂಡನಿಗೆ ಶಾಪ ಹಾಕಿದ ಹೆಂಗಸು ಸಂಜೆ ಗುಡ್ಡ ಹತ್ತಿ ಒಂದೇ ಗೀರಿಗೆ ದೀಪ ಹತ್ತಿಸಿ, ಇಳಿಯುವಾಗ ಶಾಪ ಮುಂದುವರಿಸುತ್ತಿದ್ದಳು. ಗಡಿಕಲ್ಲಿಗಾಗಿ ಕೋರ್ಟಿಗೆ ಹೋದ ಅಣ್ಣತಮ್ಮಂದಿರಲ್ಲಿ ತಮ್ಮ ಕಡಲಿನಲ್ಲಿದ್ದಾಗ ಅಣ್ಣನ ಕೈಗೆ ದೀಪ ಹತ್ತಿಬಿಟ್ಟು, ಇಬ್ಬರಿಗೂ ನಾಚಿಕೆಯಾಗಿ ಕೇಸು ಬಿಟ್ಟರಂತೆ. ಅಮಾವಾಸ್ಯೆಯ ದಿನ ಊರಿನ ದೋಣಿಗಳು ನೀರಿಗೆ ಇಳಿಯುತ್ತಿರಲಿಲ್ಲ. ಅಂದು ದೀಪವೂ ಇಲ್ಲ.

ಮದುವೆಯಾದ ಹೊಸತರಲ್ಲಿ ಇದೆಲ್ಲ ನನಗೆ ಕಥೆಯಂತೆ ಕೇಳುತ್ತಿತ್ತು. ನಾನು ಘಟ್ಟದ ಮೇಲಿನ ಬಯಲಿನವಳು. ಹೊಲ ಎಂದರೆ ನಿಂತಲ್ಲಿ ನಿಲ್ಲುತ್ತದೆ. ಇಲ್ಲಿ ಕಣ್ಣೆದುರಿಗಿನದು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಅಲೆಯ ಸದ್ದಿಗೆ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಬಾಗಿಲಿಗೆ ಹೋಗುವೆ, ಒಳಗೆ ಬರುವೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವೆ.

"ನಿನ್ನ ಕಾಲಿಗೆ ಎಂತ ಚಕ್ರ ಉಂಟಾ? ಒಂದು ಕಡೆ ಕೂತ್ಕೊ ಮಾರಾಯ್ತಿ, ನೋಡಿ ನೋಡಿ ನಂಗೆ ತಲೆ ತಿರುಗ್ತದೆ" ಎಂದು ಅತ್ತೆ ಗದರುತ್ತಿದ್ದರು. ಅವರ ಹೆಸರು ಅಕ್ಕಣಿ. ಗಟ್ಟಿ ಮೂಳೆಯ, ದೊಡ್ಡ ಗಂಟಲಿನ ಹೆಂಗಸು. ನಾನು ಅರೆದ ಮೆಣಸು ದಪ್ಪವಾಯಿತು, ಗುಡಿಸಿದ ಅಂಗಳದಲ್ಲಿ ಕಸ ಉಳಿಯಿತು, ತಲೆಗೆ ಹಾಕಿದ ಎಣ್ಣೆ ಕಡಿಮೆಯಾಯಿತು ಎಂದು ಬೆಳಗಿನಿಂದ ಸಂಜೆಯವರೆಗೆ ಅವರ ಬಾಯಿ ನಡೆಯುತ್ತಿತ್ತು. ಅವರ ಮಗ ವಾಮನ, ನನ್ನ ಗಂಡ, ಅದಕ್ಕೆ ತದ್ವಿರುದ್ಧ. ಮಾತು ಕಡಿಮೆ. ಬಲೆ, ದೋಣಿ, ಊಟ. ನನ್ನನ್ನು ಕೆಟ್ಟದಾಗಿ ಒಂದು ದಿನವೂ ನೋಡಿದವನಲ್ಲ. ಆದರೆ ನೋಡಿದ್ದೇ ಕಡಿಮೆ.

ಮಳೆಗಾಲ ಮುಗಿದು ದೋಣಿಗಳು ನೀರಿಗಿಳಿದ ದಿನ ಹೊಸ ಸೊಸೆ ದೀಪ ಹತ್ತಿಸಬೇಕು, ಅದು ಪದ್ಧತಿ. ಅವಲಕ್ಕಿ ಬೆಲ್ಲ ಹಂಚುತ್ತಾರೆ. ಊರಿನ ಹೆಂಗಸರೆಲ್ಲ ಸ್ತಂಭದ ಬುಡದಲ್ಲಿ ಸೇರಿದ್ದರು. ಗುಲಾಬಿ ನನ್ನ ಮುಡಿಗೆ ಅಬ್ಬಲಿಗೆ ಮುಡಿಸಿ, "ಹೆದರ್ಬೇಡ. ಮನಸ್ಸಲ್ಲಿ ಅವನ ಮುಖ ತಂದ್ಕೊ, ಅಷ್ಟೇ" ಎಂದಳು.

ಸುತ್ತು ಮೆಟ್ಟಿಲು ಹತ್ತಿ ಮೇಲೆ ಹೋದೆವು. ಕೆಳಗೆ ಸಮುದ್ರ ತಾಮ್ರದ ತಪ್ಪಲೆಯಂತೆ ಕಾಣುತ್ತಿತ್ತು. ಹಲ್ಲುಬಂಡೆಯ ಆಚೆ ದೋಣಿಗಳು ಚುಕ್ಕೆಗಳಾಗಿದ್ದವು. ನಾನು ಕಡ್ಡಿ ಗೀರಿ ಬತ್ತಿಗೆ ಹಿಡಿದೆ. ವಾಮನನ ಮುಖ ತಂದುಕೊಳ್ಳಲು ಹೋದರೆ ಬಂದದ್ದು ಅವನ ಅಂಗಿ. ಆಮೇಲೆ ಅವನ ಬೆನ್ನು. ಮುಖ ಬರಲೇ ಇಲ್ಲ. ಕಡ್ಡಿ ಬೆರಳಿನವರೆಗೆ ಉರಿದು ಬಂತು. ಇನ್ನೊಂದು ಗೀರಿದೆ. ಮತ್ತೊಂದು. ಬತ್ತಿಯ ತುದಿ ಕಪ್ಪಾಗಲೂ ಇಲ್ಲ.

ಅತ್ತೆ ಬಂದು ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡರು. ಗೀರಿದರು. ದೀಪ ಭಗ್ಗನೆ ಹತ್ತಿತು. "ಅವಲಕ್ಕಿ ಹಂಚಿ, ಗಾಳಿಗೆ ಮೆತ್ತಗಾಗ್ತದೆ" ಎಂದರು. ಅಷ್ಟೇ.

ಊರು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಯಾರೂ ಬೈಯಲಿಲ್ಲ. ಬಾವಿಕಟ್ಟೆಯಲ್ಲಿ ನಾನು ಬಂದರೆ ಜಾಗ ಬಿಡುತ್ತಿದ್ದರು, ಕೊಡ ಎತ್ತಿ ಕೊಡುತ್ತಿದ್ದರು. ಕಾಯಿಲೆಯವರನ್ನು ನೋಡಿಕೊಳ್ಳುವ ಹಾಗೆ. ವಾಮನ ಇನ್ನೂ ಮೆತ್ತಗಾದ. "ಊಟ ಆಯ್ತಾ?" ಎಂದು ಕೇಳುತ್ತಿದ್ದ, ಉತ್ತರಕ್ಕೆ ಕಾಯದೆ ಹೊರಟುಬಿಡುತ್ತಿದ್ದ. ಚಾಪೆಯನ್ನು ಜಗಲಿಗೆ ಒಯ್ದ, ಸೆಖೆ ಎಂದ. ಸೆಖೆ ಇರಲಿಲ್ಲ. ಬದಲಾಗದೆ ಉಳಿದದ್ದು ಅತ್ತೆಯ ಬೈಗುಳ ಮಾತ್ರ. ಮೆಣಸು ಇನ್ನೂ ದಪ್ಪವಾಗಿತ್ತು, ಅಂಗಳದಲ್ಲಿ ಇನ್ನೂ ಕಸ ಉಳಿಯುತ್ತಿತ್ತು. ನಮ್ಮ ಮನೆಯ ಸರದಿ ಬಂದಾಗ ಮಾತಿಲ್ಲದೆ ಅವರೇ ಗುಡ್ಡ ಹತ್ತುತ್ತಿದ್ದರು. ಆ ಹೊತ್ತಿನಲ್ಲಿ ನಾನು ಹಿತ್ತಲಿಗೆ ಹೋಗಿ ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದೆ. ಆದರೂ ದೀಪ ಹತ್ತಿದ್ದು ಎದುರಿನ ತೆಂಗಿನ ಗರಿಗಳ ಮೇಲೆ ಗೊತ್ತಾಗುತ್ತಿತ್ತು.

ಕೊನೆಗೆ ಒಂದು ಅಮಾವಾಸ್ಯೆಯ ದಿನ ಹೊರಟೆ. ಅಂದು ವಾಮನ ದೋಣಿಯ ತಳಕ್ಕೆ ಎಣ್ಣೆ ಬಳಿಯಲು ಹೋಗಿದ್ದ. ಅತ್ತೆ ಒಣಮೀನು ಮಾರಲು ಸಂತೆಗೆ ಹೋಗಿದ್ದರು. ಒಂದು ಸೀರೆ, ಬಾಚಣಿಗೆ, ಅಮ್ಮ ಕೊಟ್ಟ ಕುಂಕುಮದ ಡಬ್ಬಿ ಇಷ್ಟನ್ನು ಚೀಲಕ್ಕೆ ತುಂಬಿಕೊಂಡು ಲಾಂಚು ನಿಲ್ಲುವ ಧಕ್ಕೆಗೆ ನಡೆದೆ. ಕೊಲ್ಲಿಯ ಆಚೆ ದಡದ ಪೇಟೆಯಿಂದ ಬರುವ ಲಾಂಚು ಮಧ್ಯಾಹ್ನ ಹಿಂತಿರುಗುತ್ತಿತ್ತು. ಪೇಟೆಯಿಂದ ಬಸ್ಸು, ಬಸ್ಸಿನಿಂದ ಘಟ್ಟ. ಅಪ್ಪನಿಗೆ ಏನು ಹೇಳುವುದೆಂದು ಯೋಚಿಸಿರಲಿಲ್ಲ. ನಿಂತ ನೆಲ ನಿಂತೇ ಇರುವ ಕಡೆಗೆ ಹೋಗಬೇಕಿತ್ತು, ಅಷ್ಟೇ. ಲಾಂಚು ಹತ್ತುವಾಗ ಗುಲಾಬಿ ನೋಡಿದಳು. ಕೈ ಎತ್ತಿದಳು. ನಾನು ಎತ್ತಲಿಲ್ಲ.

ಲಾಂಚಿನ ಯಜಮಾನ ಮೊಯ್ದು ಆಚೆ ದಡದವನು, ಅರ್ಧ ಗಡ್ಡ ನರೆತ ಮನುಷ್ಯ. ಕೊಬ್ಬರಿ ವ್ಯಾಪಾರಿ, ಬಳೆಗಾರ್ತಿ, ಮಗುವನ್ನು ಎತ್ತಿಕೊಂಡು ನಾಟಿ ಔಷಧಿಗೆ ಬಂದಿದ್ದ ಗಂಡಹೆಂಡತಿ, ಹೀಗೆ ಹತ್ತಿದವರೆಲ್ಲ ಆಚೆ ದಡದವರೇ. ಹಲ್ಲುಬಂಡೆಯ ಸಂದು ದಾಟಿ ಬಹಳ ದೂರ ಹೋಗಿರಲಿಲ್ಲ, ಇಂಜಿನ್ನು ಕೆಮ್ಮಿ ನಿಂತಿತು. ಮೊಯ್ದು ಮೊದಲು ಅದಕ್ಕೆ ಸಮಾಧಾನ ಹೇಳಿದ, ಆಮೇಲೆ ಬೈದ, ಕೊನೆಗೆ ಅಂಗಿ ಬಿಚ್ಚಿ ಒಳಗೆ ಇಳಿದ. ಬಿಸಿಲು ಹಳದಿಗೆ ತಿರುಗಿತು. ಪಶ್ಚಿಮದಲ್ಲಿ ಮೋಡ ಕಟ್ಟಿತು. ಗಾಳಿ ಎದ್ದಿತು. ಲಾಂಚು ತನ್ನಷ್ಟಕ್ಕೆ ಮೆಲ್ಲಗೆ ಹಿಂದಕ್ಕೆ, ಬಂಡೆಗಳ ಕಡೆಗೆ, ತೇಲತೊಡಗಿತು.

ಇಂಜಿನ್ನಿಗೆ ಜೀವ ಬರುವಷ್ಟರಲ್ಲಿ ಮಳೆ ಹಿಡಿದಿತ್ತು, ಕತ್ತಲು ಕವಿಯುತ್ತಿತ್ತು. ದಡ ಕಾಣುತ್ತಿರಲಿಲ್ಲ. ಬಂಡೆಗೆ ಅಪ್ಪಳಿಸುವ ನೀರಿನ ಸದ್ದು ಮಾತ್ರ ಎಡದಿಂದ ಬಂತೋ ಬಲದಿಂದ ಬಂತೋ ತಿಳಿಯದ ಹಾಗೆ ಕೇಳುತ್ತಿತ್ತು. ಮೊಯ್ದು ಲಂಗರು ಬಿಟ್ಟು ಲಾಂಚಿನ ಗಂಟೆಯನ್ನು ಜೋರಾಗಿ ಬಾರಿಸಿದ. "ಈ ಇಂಜಿನ್ನು ನಮ್ಮ ದಡದವರೆಗೆ ಎಳೀಲಿಕ್ಕಿಲ್ಲ. ಹಿಂದೆ ಈ ಊರಿಗೇ ಹೋಗ್ಬೇಕು. ಆದ್ರೆ ಇವತ್ತು ಅಮಾಸೆ, ಇವರ ಪೈಕಿ ಯಾರೂ ಕಡಲಲ್ಲಿಲ್ಲ. ದೀಪ ಹತ್ತಿಸುವವರು ಯಾರು?" ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ತಿರುಗಿ ಕೂಗಿದ: "ಈ ಊರಿನವರು ಯಾರಾದ್ರೂ ಉಂಟಾ ಇದರಲ್ಲಿ?"

"ನಾನಿದ್ದೇನೆ" ಎಂದೆ.

"ಯಾವ ಮನೆ?"

"ವಾಮನನ ಹೆಂಡತಿ."

ಅವನ ಮುಖ ಒಂದು ಕ್ಷಣ ಬದಲಾಯಿತು. ಸುದ್ದಿ ಆಚೆ ದಡಕ್ಕೂ ಹೋಗಿತ್ತು. ಅವನು ಹತ್ತಿರ ಬಂದು ಕೂತ. ಗಡ್ಡದಿಂದ ನೀರು ಇಳಿಯುತ್ತಿತ್ತು. "ನೋಡು ತಂಗಿ, ಲಂಗರು ಜಾರ್ತಾ ಉಂಟು. ದೀಪ ಬರ್ತದೆ ಅಂತಾದ್ರೆ ಕಾಯ್ತೇನೆ. ಬರೂದಿಲ್ಲ ಅಂತಾದ್ರೆ ಈಗ್ಲೇ, ಒಂಚೂರು ಬೆಳಕಿರುವಾಗ್ಲೇ, ದೇವರ ಹೆಸರು ಹೇಳಿ ಅಂದಾಜಿನ ಮೇಲೆ ನುಗ್ಗಿಸ್ತೇನೆ. ಸುಳ್ಳು ಹೇಳ್ಬೇಡ. ದಡದಲ್ಲಿ ನಿನ್ನನ್ನು ತನ್ನವಳು ಅಂತ ತಿಳ್ಕೊಂಡವರು ಯಾರಾದ್ರೂ ಉಂಟಾ?"

ಅಂಥ ಪ್ರಶ್ನೆಯನ್ನು ಹುಟ್ಟಿದಂದಿನಿಂದ ನನಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮಗು ಸಹ ಅಳು ನಿಲ್ಲಿಸಿತ್ತು. ವಾಮನನನ್ನು ನೆನೆದೆ. ಜಗಲಿಯ ಮೇಲಿನ ಚಾಪೆಯನ್ನು ನೆನೆದೆ. ಇಲ್ಲ ಎನ್ನುವುದೇ ನಿಜ. ಆದರೆ ಆ ನಿಜವನ್ನು ಗಟ್ಟಿಯಾಗಿ ಹೇಳಿದರೆ ನಾನು ಅಲ್ಲೇ ಮುಗಿದುಹೋಗುತ್ತೇನೆ ಎನ್ನಿಸಿತು.

"ಇದ್ದಾರೆ. ಕಾಯಿರಿ" ಎಂದೆ.

ಕಾದೆವು. ಒಂದು ಮಾತಿನಿಂದ ಇಷ್ಟು ಜನರನ್ನು ಕತ್ತಲಿಗೆ ಕಟ್ಟಿಹಾಕಿದ್ದೆ. ಇದ್ದ ಅಷ್ಟಿಷ್ಟು ಬೆಳಕೂ ಇಂಗಿತು. ಬಳೆಗಾರ್ತಿ ನೀರು ತೋಡುತ್ತಾ ಅಳುತ್ತಿದ್ದಳು. ಲಂಗರು ಜಾರಿದಾಗಲೆಲ್ಲ ಲಾಂಚು ಒಮ್ಮೆ ಜಗ್ಗಿ ಹಿಂದೆ ಸರಿಯುತ್ತಿತ್ತು. ಬಂಡೆಯ ಸದ್ದು ಹತ್ತಿರವಾಗುತ್ತಿತ್ತು. ಕೊಬ್ಬರಿ ವ್ಯಾಪಾರಿ ಎದ್ದು ನಿಂತು, "ಇವಳ ಕೈಗೆ ದೀಪ ಹತ್ತದ ಕಥೆ ಊರಿಗೆಲ್ಲ ಗೊತ್ತುಂಟು! ಇವಳನ್ನು ನಂಬಿ ಕೂತ್ಕೊಳ್ತೀರಲ್ಲ!" ಎಂದು ಕಿರುಚಿದ. ಮೊಯ್ದು ಗಂಟೆ ಬಾರಿಸುತ್ತಲೇ ಇದ್ದ. ನಾನು ಅಂಚಿನ ಹಲಗೆಯನ್ನು ಹಿಡಿದುಕೊಂಡು, ತಪ್ಪಾಯಿತು, ನುಗ್ಗಿಸಿ ಎಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಬೆಳಕು ಬಂತು. ಮಳೆಯನ್ನು ಸೀಳಿಕೊಂಡು ನೆಟ್ಟಗೆ ಬಂದು ನಮ್ಮಿಂದ ಕೊಂಚ ಬಲಕ್ಕೆ ನೀರಿನ ಮೇಲೆ ಬಿತ್ತು. ಎಷ್ಟು ತಪ್ಪಾದ ಕಡೆಗೆ ಮೂತಿ ಮಾಡಿಕೊಂಡಿದ್ದೆವೆಂದು ಆಗ ತಿಳಿಯಿತು. ಅಂದಾಜಿನ ಮೇಲೆ ನುಗ್ಗಿಸಿದ್ದರೆ ನೇರ ಬಂಡೆಯ ಬಾಯಿಗೆ ಹೋಗುತ್ತಿದ್ದೆವು. ಮೊಯ್ದು ಏನೋ ಕೂಗಿ ಲಂಗರಿನ ಹಗ್ಗವನ್ನೇ ಕಡಿದ. ಲಾಂಚು ತಿರುಗಿತು. ಬೆಳಕು ಮೊದಲು ಅವನ ಗಡ್ಡದ ಮೇಲೆ, ಆಮೇಲೆ ನಮ್ಮೆಲ್ಲರ ಮುಖದ ಮೇಲೆ ಬಿತ್ತು. ಎರಡೂ ಪಕ್ಕದಲ್ಲಿ ಬಂಡೆಗಳು ಬಿಳಿ ನೊರೆ ಕಾರುತ್ತಿದ್ದವು. ನಾವು ನಡುವೆ ಹಾದು ಬಂದೆವು.

ಧಕ್ಕೆಯ ಮೇಲೆ ಊರೇ ನೆರೆದಿತ್ತು. ವಾಮನ ಎಲ್ಲರ ಮುಂದೆ ನಿಂತಿದ್ದ, ಮೈಯೆಲ್ಲ ಒದ್ದೆ. ನಾನು ಇಳಿದವಳೇ ನೇರ ಅವನ ಹತ್ತಿರ ಹೋದೆ. ಮದುವೆಯಾದ ಮೇಲೆ ಅವನ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಎಡಗಣ್ಣಿನ ಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗೆರೆ ಇತ್ತು. "ನೀವು..." ಎಂದೆ.

ಅವನು ತಲೆ ತಗ್ಗಿಸಿದ. "ನಾನಲ್ಲ."

ಜನ ಅತ್ತಿತ್ತ ನೋಡಿದರು. ಗುಲಾಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಿಂದಿನಿಂದ ಪರಿಚಿತವಾದ ಗಂಟಲು ಕೇಳಿಸಿತು. ಅತ್ತೆ ಗುಡ್ಡದಿಂದ ಇಳಿದು ಬರುತ್ತಿದ್ದರು. ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದರು. ಕೈಯೆಲ್ಲ ಎಣ್ಣೆ, ಮಸಿ. "ಹೋಗುವವಳು ಹೇಳಿ ಹೋಗ್ಲಿಕ್ಕೆ ಆಗೂದಿಲ್ವಾ? ಬುತ್ತಿ ಕಟ್ಟಿ ಕೊಡ್ತಿದ್ದೆ. ಖಾಲಿ ಹೊಟ್ಟೆಯಲ್ಲಿ ಕಡಲಿಗೆ ಹೋಗ್ತಾರಾ ಯಾರಾದ್ರೂ? ಸಂತೆಯಿಂದ ಬಂದವಳು ಬುಟ್ಟಿ ಬೀದಿಯಲ್ಲೇ ಬಿಸಾಡಿ ಓಡಿದ್ದೇನೆ. ಅದರಲ್ಲಿ ಮೀನುಂಟು, ಈಗಾಗ್ಲೇ ಬೆಕ್ಕು ತಿಂದಾಯ್ತು!" ಎಂದು ಕೂಗುತ್ತಲೇ ಬಂದು ನನ್ನ ತೋಳು ಹಿಡಿದರು. ಹಿಡಿತ ಗಟ್ಟಿಯಾಗಿತ್ತು. ನಾನು ಅಲ್ಲೇ, ಅಷ್ಟು ಜನರ ಎದುರಿಗೆ, ಅವರ ಹೆಗಲಿಗೆ ಹಣೆ ಇಟ್ಟು ಅತ್ತುಬಿಟ್ಟೆ. ಒಣಮೀನಿನ ವಾಸನೆ ಬಂತು. "ಆಯ್ತು, ಆಯ್ತು. ಮೂಗು ಸೋರಿಸ್ಬೇಡ, ಹೊಸ ರವಿಕೆ" ಎಂದರು.

ಮಾರನೆಯ ಬೆಳಿಗ್ಗೆ ವಾಮನ ಅಂಗಳದಲ್ಲಿ ಬಲೆ ಹೊಲಿಯುತ್ತಾ ಕೂತಿದ್ದ. ನಾನು ಕಾಫಿ ಕೊಟ್ಟು ಹೋಗದೆ ಅಲ್ಲೇ ನಿಂತೆ. ಅವನೇ ಮಾತು ತೆಗೆದ. "ಗುಲಾಬಿ ಬಂದು ಹೇಳಿದ ಕೂಡ್ಲೇ ಓಡಿದೆ. ಗಂಟೆ ಕೇಳ್ತಾ ಇತ್ತು. ಕಡ್ಡಿ ಗೀರಿದೆ. ಗೀರಿದೆ, ಗೀರಿದೆ. ಪೆಟ್ಟಿಗೆ ಮುಗೀಲಿಕ್ಕೆ ಬಂತು. ಹತ್ತಲೇ ಇಲ್ಲ. ಅಮ್ಮ ಸಂತೆಯಿಂದ ಬಂದು ಮೇಲೆ ಹತ್ತಿ ನನ್ನನ್ನು ದೂಡಿ..." ಬಲೆಯ ಗಂಟೊಂದನ್ನು ಬಿಗಿದ. "ನಿಂಗೆ ಹತ್ತಲಿಲ್ಲ ಅಂತ ನಾನು ಎಷ್ಟು ದಿನ ಮುಖ ಊದಿಸ್ಕೊಂಡಿದ್ದೆ. ನಂಗೂ ಹತ್ತೂದಿಲ್ಲ ಅಂತ ನಂಗೇ ಗೊತ್ತಿರ್ಲಿಲ್ಲ."

ನನಗೆ ಚುಚ್ಚಿದ ಹಾಗಾಯಿತು. ಲೆಕ್ಕಕ್ಕೆ ಸರಿಯೇ: ನಾನು ಅವನನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ, ಅವನು ನನ್ನನ್ನು ಬಿಟ್ಟುಕೊಂಡಿರಲಿಲ್ಲ. ಆದರೂ "ನಾನು ಮುಳುಗಿಹೋಗ್ತಿದ್ದೆ. ಆದ್ರೂ ಹತ್ತಲಿಲ್ಲವಾ?" ಎಂದು ಸಿಟ್ಟಿನಿಂದ ಕೇಳಿದೆ.

ಅವನು ತಲೆ ಎತ್ತಿ ನನ್ನನ್ನೇ ನೋಡಿದ. ಮೊದಲು ಹೆದರಿದ. ಆಮೇಲೆ ಅವನ ತುಟಿಯಂಚು ಅದುರಿತು. "ನಾನು ಕಡಲಿನಲ್ಲಿದ್ದಾಗ ನಿಂಗೆ ಹತ್ತಿತ್ತಾ?" ಎಂದ. ಸಿಟ್ಟಿನಲ್ಲೇ ನನಗೆ ನಗು ಬಂತು. ಅವನೂ ನಕ್ಕ. ಒಳಗಿನಿಂದ ಅತ್ತೆ, "ಇಬ್ಬರೂ ಸೇರಿ ನನ್ನ ಮನೆಯ ಮರ್ಯಾದೆ ಕಳೆದು ಈಗ ನಗ್ತಾ ಕೂತಿದ್ದೀರಾ? ಗುಡ್ಡ ಹತ್ತಿ ಹತ್ತಿ ನನ್ನ ಮೊಣಕಾಲು ಹೋಯ್ತು!" ಎಂದು ಕೂಗಿದರು.

ಅಂದಿನಿಂದ ನಾವು ಗಂಡಹೆಂಡಿರಾಗುವುದನ್ನು ಬಿಟ್ಟು ಪರಿಚಯಸ್ಥರಾಗತೊಡಗಿದೆವು. ಹುಬ್ಬಿನ ಗಾಯ ಯಾವುದೆಂದು ಕೇಳಿದೆ. ಗಾಳದ ಕೊಕ್ಕೆಯಂತೆ, ಕಣ್ಣು ಹೋಗುವುದಿತ್ತಂತೆ. ಬಯಲಿನಲ್ಲಿ ಜೋಳ ಕಾಯುವುದು ಹೇಗೆಂದು ಅವನು ಕೇಳಿದ. ಕವಣೆ ಬೀಸಿ ತೋರಿಸಿದೆ. ಕಲ್ಲು ಗುಲಾಬಿಯ ಹೆಂಚಿಗೆ ಬಿದ್ದು ದೊಡ್ಡ ಜಗಳವಾಯಿತು. ಅವನಿಗೆ ಹಾಗಲಕಾಯಿ ಸೇರುವುದಿಲ್ಲ ಎಂದು, ಇಷ್ಟು ದಿನ ಮಾತಾಡದೆ ನುಂಗುತ್ತಿದ್ದ ಎಂದು ತಿಳಿಯಿತು. ಚಾಪೆ ಯಾವಾಗ ಒಳಗೆ ಬಂತೆಂದು ಹೇಳಲಾರೆ. ಸರದಿ ಬಂದಾಗ ಮಾತ್ರ ಅತ್ತೆಯೇ ಹೋಗುತ್ತಿದ್ದರು. ಯಾರೂ ನನ್ನನ್ನು ಹೋಗು ಎನ್ನಲಿಲ್ಲ, ನಾನೂ ಹೋಗುತ್ತೇನೆ ಎನ್ನಲಿಲ್ಲ.

ಚಳಿ ಇಳಿಯುವ ಹೊತ್ತಿಗೆ ಒಂದು ದಿನ ಗಾಳಿ ತೆಂಕಣಕ್ಕೆ ತಿರುಗಿತು. ದೋಣಿಗಳು ಬೆಳಿಗ್ಗೆಯೇ ಹೋಗಿಯಾಗಿತ್ತು. ಊರಿನಲ್ಲಿ ಯಾರೂ ಅದಕ್ಕೆ ಅಷ್ಟು ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಇದು ಹಿಂದಿನ ಚಡಪಡಿಕೆಯಲ್ಲ. ಆಗ ಇಲ್ಲಿಂದ ಹೋಗಬೇಕೆಂದು ಕಾಲು ತುಡಿಯುತ್ತಿತ್ತು, ಈಗ ಕಾಲು ದಡದ ಕಡೆಗೇ ಎಳೆಯುತ್ತಿತ್ತು. ಹೋಗಿ ನೋಡುವೆ, ಚುಕ್ಕೆಗಳು ಕಾಣವು, ಬರುವೆ. ಅನ್ನ ಸೀದಿತು. ಬಾವಿಗೆ ಹಗ್ಗವಿಲ್ಲದೆ ಕೊಡ ಇಳಿಸಹೋದೆ. ಮೋಡ ನೋಡಿದೆ, ಮೋಡದ ಬಣ್ಣ ಗುಲಾಬಿಗೆ ತೋರಿಸಿದೆ, ಅವಳು ಅದು ಬರೀ ಮೋಡ ಎಂದಳು. ಸಂಜೆಯಾಗುತ್ತಿದ್ದಂತೆ ಅತ್ತೆ ಜಗಲಿಯ ಕಂಬಕ್ಕೆ ಒರಗಿ ಕಾಲು ಚಾಚಿ ಕೂತರು. ಬೆಂಕಿಪೆಟ್ಟಿಗೆಯನ್ನು ನನ್ನ ಕಡೆಗೆ ದೂಡಿದರು.

"ನಮ್ಮ ಸರದಿ. ಹೋಗು."

"ಹತ್ತದಿದ್ದರೆ?"

"ಹತ್ತದಿದ್ರೆ ಕೂಗು. ನಾನಿಲ್ವಾ?"

"ನಿಮ್ಮ ಮೊಣಕಾಲು..."

"ಬೈತಾ ಬೈತಾ ಹತ್ತುತ್ತೇನೆ. ಹೋಗು ಮಾರಾಯ್ತಿ, ಕತ್ತಲಾಗ್ತದೆ."

ಒಬ್ಬಳೇ ಹತ್ತಿದೆ. ಮೇಲೆ ಗಾಳಿ ಕಿಟಕಿಯ ಸಂದುಗಳಲ್ಲಿ ಊಳಿಡುತ್ತಿತ್ತು. ಎಣ್ಣೆ ಹೊಯ್ದೆ, ಬತ್ತಿ ಎತ್ತಿದೆ. ಕಡ್ಡಿ ಎರಡು ಸಲ ಕೈಯಿಂದ ಜಾರಿ ಬಿತ್ತು. ಅವನ ಮುಖ ತಂದುಕೊಳ್ಳಬೇಕು ಎಂದು ನೆನಪಾಯಿತು. ತಂದುಕೊಳ್ಳಲು ನನಗೆ ಪುರುಸೊತ್ತೇ ಇರಲಿಲ್ಲ. ಬಂಡೆ, ಗಾಳಿ, ಆ ಸಂದು, ಅವನು ಬೆಳಿಗ್ಗೆ ಅರ್ಧ ಕುಡಿದು ಇಟ್ಟುಹೋದ ಕಾಫಿ, ಇವೇ ತಲೆಯಲ್ಲಿ ಸುತ್ತುತ್ತಿದ್ದವು. ಕಡ್ಡಿ ಗೀರಿ ಬತ್ತಿಗೆ ಹಿಡಿದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ನೋಡುವ ಧೈರ್ಯವಿರಲಿಲ್ಲ. ಬೆರಳಿಗೆ ಬಿಸಿ ತಾಗಿತು. ಅದು ಕಡ್ಡಿಯದೋ ಬತ್ತಿಯದೋ ತಿಳಿಯಲಿಲ್ಲ. ಹಾಗೇ ನಿಂತಿದ್ದೆ. ಕೆಳಗೆ ಗುಡ್ಡದ ಬುಡದಿಂದ, ಅಲೆ ಗಾಳಿ ಎರಡನ್ನೂ ಮೀರಿಸಿ ಅತ್ತೆಯ ಗಂಟಲು ಬಂತು.

"ಏಯ್! ಬತ್ತಿ ಎಷ್ಟು ಮೇಲೆ ಎತ್ತಿದ್ದೀ? ಹೊಗೆ ಹಿಡಿದು ಗಾಜೆಲ್ಲ ಕಪ್ಪಾಗ್ತದೆ! ಇಳಿಸು, ಇಳಿಸು!"